ಮಳೆಗಾಲದಲ್ಲಿ ಗೋಸುಂಬೆಯ ಗೂಡು, ಹುಳುವಿನ ಡಬ್ಬಿ: ತೊಳೆಯುವುದು ಹೇಗೆ?

ಪ್ರಶ್ನೆ, ಬದಿಯಡ್ಕದ ಹತ್ತಿರದಿಂದ

ತಮ್ಮ ಕೊಲ್ಲಿಗೆ ಕೆಲಸಕ್ಕೆ ಹೊರಟಾಗ ತಾನು ಸಾಕಿದ್ದ ವೇಲ್ಡ್ ಎಂಬ ವಿದೇಶಿ ಜಾತಿಯ ಗೋಸುಂಬೆಯನ್ನು ನನಗೆ ವಹಿಸಿ ಹೋಗಿದ್ದಾನೆ. ಬಲೆಯ ಗೂಡು, ಒಳಗೆ ಮನಿ ಪ್ಲಾಂಟ್ ಮತ್ತು ದಾಸವಾಳದ ಕುಂಡಗಳಿವೆ. ಆಟಿಯ ಮಳೆ ಹಿಡಿದ ಮೇಲೆ ಗೂಡಿನ ತಳದಲ್ಲೆಲ್ಲ ಬೂಷ್ಟು. ಅದರ ಮೇವಿಗೆಂದು ಚಿಮ್ಮಂಡೆ ಸಾಕಿದ ಡಬ್ಬಿಯ ಮುಚ್ಚಳ ತೆಗೆದರೆ ಕಣ್ಣು ಉರಿಯುವಷ್ಟು ವಾಸನೆ. ತೌಡಿನಲ್ಲಿ ಸಾಕುವ ಮೇವಿನ ಹುಳು ಮೀಲ್‌ವರ್ಮ್, ಅದರ ಡಬ್ಬಿಯ ಅಂಚಿನಲ್ಲಿ ತೌಡಿನ ಪುಡಿಯಂಥದ್ದೇನೋ ತಾನಾಗಿ ಹರಿದಾಡುತ್ತಿದೆ. ಮನೆಯಲ್ಲಿ ಫಿನೈಲ್, ಡೆಟಾಲ್, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಇವೆ. ಯಾವುದನ್ನು ಬಳಸಬಹುದು? ಮೂರು ವರ್ಷದ ಮಗಳಿದ್ದಾಳೆ, ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಸಾಕಿ ಅನುಭವ ಇರುವವರು ತಿಳಿಸಿ.

ಕುಂಬಳೆಯಿಂದ

ಅಕ್ಕ, ಫಿನೈಲನ್ನೂ ಡೆಟಾಲನ್ನೂ ಮೊದಲು ಆಚೆ ಇಡಿ. ಕಪ್ಪು ಫಿನೈಲಿನಲ್ಲಿ ಟಾರಿನಿಂದ ತೆಗೆದ ಫಿನಾಲ್‌ಗಳಿರುತ್ತವೆ, ಬಿಳಿಯದರಲ್ಲಿ ಪೈನ್ ಎಣ್ಣೆ. ಡೆಟಾಲಿನ ಕ್ಲೋರೋಕ್ಸೈಲಿನಾಲ್ ಕೂಡ ಫಿನಾಲ್ ಬಳಗದ್ದೇ. ಸರೀಸೃಪಗಳಿಗೆ ಇವು ಆಗಿಬರುವುದಿಲ್ಲ. ಗೋಸುಂಬೆ ಬಟ್ಟಲಿನ ನೀರನ್ನು ತಿರುಗಿಯೂ ನೋಡದೆ, ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುವ ಪ್ರಾಣಿ. ಎಲೆಗೆ ತಗಲಿದ್ದೆಲ್ಲ ಅದರ ಹೊಟ್ಟೆಗೆ ಹೋಯಿತೆಂದೇ ಲೆಕ್ಕ.

ದಿನವೂ ಮಾಡಬೇಕಾದದ್ದು ಸ್ವಲ್ಪವೇ. ಹಿಕ್ಕೆಯನ್ನು ಕಾಗದದಲ್ಲಿ ಹೆಕ್ಕಿ ತೆಗೆಯಿರಿ, ತಳದ ತಟ್ಟೆಯ ನೀರನ್ನು ಚೆಲ್ಲಿ ಒರಸಿಬಿಡಿ. ನೀರು ನಿಂತರೆ ಬೂಷ್ಟಿನ ಜೊತೆಗೆ ಸೊಳ್ಳೆಯೂ ಮರಿ ಮಾಡುತ್ತದೆ. ನಮ್ಮ ಕಡೆ ಮಳೆಗಾಲವೆಂದರೆ ಡೆಂಗಿ ಕಾಲವೂ ಹೌದಲ್ಲ. ಹಿಕ್ಕೆಯನ್ನು ಎಸೆಯುವ ಮುನ್ನ ಒಮ್ಮೆ ನೋಡಿ. ಅದರ ತುದಿಯಲ್ಲಿ ಸುಣ್ಣದ ಉಂಡೆಯಂತಿರುವುದು ಯೂರಿಕ್ ಆಮ್ಲ, ಅಂದರೆ ಅದರ ಮೂತ್ರ. ಅದು ಬೆಳ್ಳಗಿದ್ದರೆ ಚಿಂತೆಯಿಲ್ಲ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲುತ್ತಿಲ್ಲವೆಂದು ತಿಳಿಯಿರಿ.

ಪೂರ್ತಿ ತೊಳೆಯುವ ದಿನ ಮೊದಲು ದೀಪಗಳನ್ನು ಆರಿಸಿ, ತಣಿಯಲು ಬಿಡಿ. ಬಿಸಿ ಬಲ್ಬಿಗೆ ಹನಿ ಬಿದ್ದರೆ ಒಡೆಯುತ್ತದೆ. ಗೋಸುಂಬೆಯನ್ನು ಮೇಲಿನಿಂದ ಹಿಡಿಯಲು ಹೋಗಬೇಡಿ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದು ಎರಗಿದಂತೆ. ಎದೆಯ ಕೆಳಗೊಂದು ಕಡ್ಡಿ ಹಿಡಿದರೆ ತಾನೇ ಹತ್ತುತ್ತದೆ. ಅದನ್ನು ಬೇರೆ ಕೋಣೆಯ ದಾಸವಾಳದ ಕುಂಡಕ್ಕೆ ದಾಟಿಸಿ, ಬೆಕ್ಕು ನುಗ್ಗದಂತೆ ಬಾಗಿಲು ಹಾಕಿ. ಬ್ಲೀಚಿಂಗ್ ವಾಸನೆ ಆ ಕೋಣೆಗೆ ಹೋಗಕೂಡದು.

ಇನ್ನು ತೊಳೆಯುವುದು. ಪಾತ್ರೆ ತೊಳೆಯುವ ಸಾಬೂನು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು: ಮುಕ್ಕಾಲು ಪಾಲು ಕೆಲಸ ಇವುಗಳದ್ದೇ. ಕೊಳೆ ಉಳಿದ ಜಾಗದಲ್ಲಿ ಬ್ಲೀಚ್ ತನ್ನ ಶಕ್ತಿಯನ್ನೆಲ್ಲ ಆ ಕೊಳೆಯ ಮೇಲೆಯೇ ಕಳೆದುಕೊಳ್ಳುತ್ತದೆ, ಆದ್ದರಿಂದ ಉಜ್ಜದೆ ಸುರಿದು ಪ್ರಯೋಜನವಿಲ್ಲ. ಉಜ್ಜಿ ತೊಳೆದ ಮೇಲೆ ಲೀಟರಿಗೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ, ಗಸಿ ಕೆಳಗಿಳಿದ ಮೇಲೆ ತಿಳಿನೀರನ್ನು ಮಾತ್ರ ಬಳಸಿ. ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ನೀರು ಹೊಯ್ಯಿರಿ. ಕೈಗವಸು ಬೇಕು, ಕೆಲಸ ಅಂಗಳದಲ್ಲೇ ಆಗಬೇಕು. ಅಲ್ಯುಮಿನಿಯಂ ಬಲೆಯಾದರೆ ಹೆಚ್ಚು ಹೊತ್ತು ನೆನೆಸಬೇಡಿ, ಸವೆಯುತ್ತದೆ. ಪ್ಯಾಕೆಟ್ ಒಡೆದು ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಸತ್ವವಿರುವುದಿಲ್ಲ. ಬೂಷ್ಟು ಒಳಗಿಳಿದ ಮರದ ಕೊಂಬೆಯನ್ನು ಒಲೆಗೆ ಹಾಕಿ, ಹೊಸದು ತನ್ನಿ. ಅದನ್ನು ಉಳಿಸಿಕೊಳ್ಳಲು ಒದ್ದಾಡುವುದು ದಂಡ.

ಹೊಸೂರಿನಿಂದ

ಮೇಲಿನವರು ಬರೆದದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮದು ಕೊಳವೆಬಾವಿಯ ಗಡಸು ನೀರು. ಸಿಂಪಡಿಸಿದ ಹನಿ ಒಣಗಿದಲ್ಲೆಲ್ಲ ಎಲೆಯ ಮೇಲೆ, ಬಲೆಯ ಮೇಲೆ ಬಿಳಿ ಚುಕ್ಕೆ. ಅದಕ್ಕೆ ವಿನೆಗರ್ ಒರಸುತ್ತೇವೆ. ಆದರೆ ವಿನೆಗರ್ ಬಳಸುವ ದಿನ ಬ್ಲೀಚನ್ನು ಮುಟ್ಟುವುದಿಲ್ಲ. ಆಮ್ಲಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಸಿಡ್‌ಗೂ ಇದೇ ಮಾತು. ಚಿಮ್ಮಂಡೆ ಡಬ್ಬಿಯಲ್ಲಿ ಕಣ್ಣು ಉರಿಸುವುದು ಅಮೋನಿಯಾ. ಅದಕ್ಕೆ ನೇರವಾಗಿ ಬ್ಲೀಚ್ ಸುರಿದರೂ ವಿಷಾನಿಲವೇ. ಡಬ್ಬಿಯನ್ನು ಖಾಲಿ ಮಾಡಿ, ಸಾಬೂನಿನಲ್ಲಿ ತೊಳೆದು, ಜಾಲಾಡಿದ ಮೇಲೆಯೇ ಬ್ಲೀಚ್.

ನಿಮಗೆ ಸುರಂಗದ ನೀರೋ ಬಾವಿಯ ನೀರೋ ಇದ್ದರೆ ಚುಕ್ಕೆಯ ಕಾಟ ಅಷ್ಟಾಗಿ ಇರಲಿಕ್ಕಿಲ್ಲ, ಆದರೂ ಮಳೆಗಾಲದಲ್ಲಿ ಕುದಿಸಿ ಆರಿಸಿ ತುಂಬಿಸಿ. ಎಲ್ಲರೂ ಮರೆಯುವುದು ಸಿಂಪಡಿಸುವ ಬಾಟಲಿಯನ್ನು. ಒಳಗೆ ಬೆರಳು ಹಾಕಿ ನೋಡಿ, ಲೋಳೆ ಸಿಗುತ್ತದೆ. ಗೂಡೆಲ್ಲ ಮಿರಿಮಿರಿ ತೊಳೆದು ಆ ಲೋಳೆಯ ನೀರನ್ನೇ ಅದರ ಮುಖಕ್ಕೆ ಹೊಡೆದರೆ ಏನು ಬಂತು? ವಾರಕ್ಕೊಮ್ಮೆ ಬಾಟಲಿ, ಕೊಳವೆ, ಮೂತಿ ಮೂರನ್ನೂ ಬಿಚ್ಚಿ ತೊಳೆದು ಒಣಗಿಸಬೇಕು.

ಮಂಜೇಶ್ವರದಿಂದ

ನಾನು ಹುಳುವಿನ ಡಬ್ಬಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಗೂಡಿಗಿಂತ ಅದೇ ಹೆಚ್ಚು ಕಾಡುವುದು.

ಹರಿದಾಡುವ ಪುಡಿ ಧಾನ್ಯದ ನುಸಿ. ಗೋಸುಂಬೆಯ ರಕ್ತ ಹೀರುವ ಜಾತಿಯಲ್ಲ, ಹೆದರಬೇಡಿ. ಆದರೆ ತೌಡು ಪಸೆ ಹಿಡಿದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಒಣ ತೌಡಿನಲ್ಲಿ ನುಸಿ ಬದುಕುವುದಿಲ್ಲ. ಹುಳುಗಳನ್ನು ಜರಡಿ ಹಿಡಿದು ಬೇರ್ಪಡಿಸಿ, ಹಳೆಯ ತೌಡನ್ನು ಪೂರ್ತಿ ತೆಗೆಯಿರಿ. ಡಬ್ಬಿಗೆ ಹಂಡೆಯ ಕುದಿನೀರು ಹೊಯ್ಯಿರಿ, ತೆಳು ಪ್ಲಾಸ್ಟಿಕ್ ಆಗಿದ್ದರೆ ಸೊಟ್ಟಗಾಗುವುದರಿಂದ ಬರೀ ಬಿಸಿನೀರು ಸಾಕು. ಒರಸಿ, ಬಚ್ಚಲ ಒಲೆಯ ಹತ್ತಿರ ಎಲುಬಿನಂತೆ ಒಣಗುವವರೆಗೆ ಇಡಿ. ಹೊಸ ತೌಡನ್ನು ಎರಡು ದಿನ ಫ್ರೀಜರಿನಲ್ಲಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತುಂಬಿಸಿ. ಕ್ಯಾರೆಟ್ ಚೂರನ್ನು ತೌಡಿನ ಮೇಲೆ ಎಸೆಯದೆ ಒಂದು ಮುಚ್ಚಳದಲ್ಲಿ ಇಡಿ, ರಾತ್ರಿ ತೆಗೆದುಬಿಡಿ.

ಚಿಮ್ಮಂಡೆಗೆ ಬೇಕಾದದ್ದು ಗಾಳಿ. ಮುಚ್ಚಳದಲ್ಲಿ ಅಂಗೈಯಗಲದ ಕಿಂಡಿ ಕೊರೆದು ಲೋಹದ ಬಲೆ ಅಂಟಿಸಿ. ನೈಲಾನ್ ಪರದೆಯನ್ನು ಅವು ಕಡಿದು ಹೊರಬರುತ್ತವೆ. ಸತ್ತವನ್ನು ದಿನವೂ ತೆಗೆಯಿರಿ. ಮೊಟ್ಟೆಯ ಟ್ರೇ ಒದ್ದೆಯಾಯಿತೆಂದರೆ ಎಸೆಯಿರಿ, ಅದು ತೊಳೆಯುವ ವಸ್ತುವಲ್ಲ. ಕೋಳಿಯ ಹಿಕ್ಕೆ ಅಂಟಿದ ಟ್ರೇಯನ್ನು ಅಂಗಡಿಯಿಂದ ತರಲೇಬೇಡಿ. ಎರಡು ಡಬ್ಬಿಗಳಿದ್ದರೆ ಕೆಲಸ ಹಗುರ: ಟ್ರೇಯನ್ನು ಎತ್ತಿ ಹುಳುಗಳನ್ನು ಒಣ ಡಬ್ಬಿಗೆ ಕೊಡವಿದರಾಯಿತು. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ಸಂಜೆಯೊಳಗೆ ಗೂಡಿನಿಂದ ಹಿಡಿದು ತೆಗೆಯಿರಿ. ರಾತ್ರಿ ಮಲಗಿದ ಗೋಸುಂಬೆಯನ್ನು ಅವು ಕಚ್ಚುತ್ತವೆ.

ಇನ್ನೊಂದು. ಹುಳುವಿನ ಒಣ ಹಿಕ್ಕೆಯ ಧೂಳು ಉಬ್ಬಸ ತರುತ್ತದೆ. ನನ್ನ ಅಣ್ಣನಿಗೆ ಮೇವಿಗೆ ಸಾಕುವ ಡುಬಿಯಾ ಜಿರಳೆಯ ಡಬ್ಬಿ ಕೊಡವಿದ ದಿನವೆಲ್ಲ ಸೀನು, ಕೈಯ ಮೇಲೆ ದದ್ದು. ಮಾಸ್ಕ್ ಹಾಕಿಕೊಂಡು ಜಗಲಿಯ ಹೊರಗೆ, ಗಾಳಿಗೆ ಬೆನ್ನು ಹಾಕಿ ಜರಡಿ ಹಿಡಿಯಿರಿ.

ಜತ್ತದಿಂದ

ಇಷ್ಟೆಲ್ಲ ತೊಳೆಯುವ ಬದಲು ತಳಕ್ಕೆ ಮಣ್ಣು, ಒಣ ಎಲೆ ಹಾಕಿ, ಹಿಕ್ಕೆ ತಿನ್ನುವ ಸಣ್ಣ ಹುಳುಗಳನ್ನು ಬಿಟ್ಟರೆ ಆಗದೇ? ನಮ್ಮ ಸಾಂಗಲಿ ಕಡೆಯ ಒಣ ಹವೆಯಲ್ಲಿ ಚೆನ್ನಾಗಿಯೇ ನಡೆದಿದೆ.

ಕುಂಬಳೆಯಿಂದ, ಮತ್ತೆ

ಅಣ್ಣ, ನಿಮ್ಮಲ್ಲಿ ನಡೆದೀತು. ಇಲ್ಲಿ ಗೋಡೆಗೂ ಬೂಷ್ಟು ಬರುವ ಕಾಲದಲ್ಲಿ ಆ ಮಣ್ಣು ಕೆಸರಾಗುತ್ತದೆ. ಹೊಸಬರಿಗೆ ಬರಿದಾದ ತಳವೇ ಕ್ಷೇಮ. ಹೊಟ್ಟೆಯಲ್ಲಿ ಪರಾವಲಂಬಿಗಳಿದ್ದರೆ ಮಣ್ಣಿನಿಂದ ಅವು ಮತ್ತೆ ಮತ್ತೆ ಒಳಸೇರುತ್ತವೆ. ಕಾಕ್ಸಿಡಿಯಾದಂಥವು ಬ್ಲೀಚಿಗೂ ಬಗ್ಗುವುದಿಲ್ಲ, ಅವಕ್ಕೆ ಕುದಿನೀರಿನ ಹಬೆಯೇ ಆಗಬೇಕು. ಹಿಕ್ಕೆ ನೀರಾಗಿ ನಾರುತ್ತಿದ್ದರೆ ತಾಜಾ ಇರುವಾಗಲೇ ಸಣ್ಣ ಡಬ್ಬಿಯಲ್ಲಿ ಹಾಕಿ ಪಶುವೈದ್ಯರಿಗೆ ತೋರಿಸಿ.

ಕಾಸರಗೋಡಿನಿಂದ, ಆಸ್ಪತ್ರೆಯಲ್ಲಿ ದಾದಿ

ಗೋಸುಂಬೆ ಸಾಕಿದವಳಲ್ಲ, ಆದರೆ ಮಗು ಮತ್ತು ಅತ್ತೆಯ ವಿಷಯ ಓದಿ ಬರೆಯುತ್ತಿದ್ದೇನೆ. ನೋಡಲು ಆರೋಗ್ಯವಾಗಿರುವ ಸರೀಸೃಪದ ಹಿಕ್ಕೆಯಲ್ಲೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು ಇಂಥ ಪ್ರಾಣಿಯನ್ನೂ ಅದರ ಗೂಡನ್ನೂ ಮುಟ್ಟದಿರುವುದೇ ಸರಿ. ವಯಸ್ಸಾದವರು, ಬಸುರಿಯರು, ರೋಗನಿರೋಧಕ ಶಕ್ತಿ ಕುಂದಿದವರೂ ದೂರವಿರಲಿ. ಸಕ್ಕರೆ ಕಾಯಿಲೆಯ ನಿಮ್ಮ ಅತ್ತೆಯೂ ಅದರಲ್ಲಿ ಸೇರಿದರು. ಗೂಡಿನ ಯಾವ ಸಾಮಾನನ್ನೂ ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. ಬ್ರಷ್ಷು, ಬಕೆಟು ಬೇರೆಯೇ ಇರಲಿ. ಕೈಗವಸು ಕಳಚಿದ ಮೇಲೂ ಸಾಬೂನು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ.

ಪೆರ್ಲದಿಂದ

ಗೂಡಿನ ಗಿಡ ಬದಲಿಸಲು ತೋಟದಿಂದ ಬಳ್ಳಿ ತರುವ ಯೋಚನೆಯಿದ್ದರೆ ಈಗ ಬೇಡ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕಾಲ. ಮರದಿಂದ ತೊಟ್ಟಿಕ್ಕಿದ ಮೈಲುತುತ್ತು ಕೆಳಗಿನ ಎಲೆಗಳ ಮೇಲೆಲ್ಲ ನೀಲಿಯಾಗಿ ಕೂತಿರುತ್ತದೆ. ವೇಲ್ಡ್ ಗೋಸುಂಬೆ ಎಲೆಯನ್ನೂ ಕಡಿಯುವ ಜಾತಿ. ತೋಟದ ಮಿಡತೆಯೂ ಬೇಡ. ಹಾಗೆಯೇ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿದೆಯೇ ಎಂದು ತಮ್ಮನನ್ನು ಕೇಳಿ. ವೇಲ್ಡ್ ಯೆಮೆನ್ ಕಡೆಯದು, ಇಂಥ ವಿದೇಶಿ ಪ್ರಾಣಿಗಳ ನೋಂದಣಿಗೆ 2024ರ ನಿಯಮಗಳಿವೆ. ನಮ್ಮ ನಾಡಿನ ಗೋಸುಂಬೆಯನ್ನಂತೂ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಸಾಕುವಂತೆಯೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಉಪಕಾರವಾಯಿತು. ಗೂಡನ್ನು ಮಗಳಿಗೆ ಎಟುಕದ ಮೇಲಿನ ಕೋಣೆಗೆ ಸಾಗಿಸಿದ್ದೇನೆ, ನೋಂದಣಿಯ ಕಾಗದ ತಮ್ಮನ ಬಳಿ ಇದೆಯಂತೆ. ತೆಗೆದ ತೌಡನ್ನು ಹಟ್ಟಿಗೊಬ್ಬರದ ಗುಂಡಿಗೆ ಹಾಕಬಹುದೇ? ಇರುವೆಗೆ ಏನು ಮಾಡುತ್ತೀರಿ?

ಮಂಜೇಶ್ವರದಿಂದ

ಹಾಗೆಯೇ ಹಾಕಬೇಡಿ, ಅದರಲ್ಲಿ ಮೊಟ್ಟೆ, ಮರಿಗಳಿರುತ್ತವೆ. ಕುದಿನೀರು ಹೊಯ್ದು ಆರಿದ ಮೇಲೆ ಗುಂಡಿಗೆ ಹಾಕಿ. ಡುಬಿಯಾ ದಕ್ಷಿಣ ಅಮೆರಿಕದ ಹುಳು, ಒಂದನ್ನೂ ಹೊರಗೆ ಬಿಡುವಂತಿಲ್ಲ. ಇರುವೆಗೆ ಪುಡಿಯನ್ನೋ ಸೀಮೆಸುಣ್ಣದಂಥ ಮದ್ದನ್ನೋ ಹತ್ತಿರ ತರಬೇಡಿ, ಚಿಮ್ಮಂಡೆಗಳೂ ಸಾಯುತ್ತವೆ. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ಸಾಬೂನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಸ್ಟೂಲು ಗೋಡೆಗೆ ತಾಗದಿರಲಿ.