ಪೊರೆ ಬಲಿಯೋವರೆಗೂ ಕಾಯಬೇಕಾ?

ಮಾಲೂರು: ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಎಡಗಣ್ಣಿಗೆ ಪೊರೆ. ಬಲಿತ ಮೇಲೆ ತೆಗೆಸಿ ಅಂತಾರೆ ಊರಲ್ಲಿ. ನಿಜಾನಾ?

ಮುಳಬಾಗಿಲು: ಅದು ಹಳೇ ಕಾಲದ ಮಾತು ಸಾರ್. ಈಗ ಫೇಕೋ ಅನ್ನೋ ಪೊರೆ ಆಪರೇಷನ್‌ನಲ್ಲಿ ಸುಮಾರು 2.8 ಮಿ.ಮೀ. ಸೀಳಿನಿಂದ ಅಲ್ಟ್ರಾಸೌಂಡ್ ಕಡ್ಡಿ ಇಳಿಸಿ, ಪೊರೆ ಬಂದ ಮಸೂರ ಪುಡಿಮಾಡಿ ಹೀರಿ, ಅದರ ಚೀಲದಲ್ಲೇ ಮಡಚಿದ ಕೃತಕ ಲೆನ್ಸ್ ಕೂರಿಸ್ತಾರೆ. ಬಲಿತು ಕಲ್ಲಾದರೆ ಒಡೆಯಲು ಹೆಚ್ಚು ಶಕ್ತಿ ಬೇಕು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಊದಿಕೊಳ್ಳುತ್ತೆ. ಓದಲು, ಓಡಾಡಲು ತೊಡಕಾಯ್ತಾ? ತೆಗೆಸಿಬಿಡಿ.

ಬಂಗಾರಪೇಟೆ: ಮೊದಲು ಸಕ್ಕರೆ ಹತೋಟಿಗೆ ಬರಲಿ, ಕಣ್ಣಿನ ಹಿಂದಿನ ಪರದೆ, ಅಂದ್ರೆ ರೆಟಿನಾನೂ ತೋರಿಸಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ನುಂಗ್ತಿದ್ದರೆ ಮುಚ್ಚಿಡದೆ ಹೇಳಿ; ಆಪರೇಷನ್ ನಡುವೆ ಕಣ್ಣುಪಾಪೆ ಕುಗ್ಗಿಬಿಡುತ್ತೆ.

ಮುಳಬಾಗಿಲು: ಹೌದು, ಇದನ್ನೇ ಎಲ್ಲರೂ ಮರೀತಾರೆ. ಆಪರೇಷನ್ ಆದ ಮೇಲೆ ಕೆಲವು ವಾರ ಕೊಟ್ಟಿಗೆ ಕೆಲಸ ಬೇಡ. ನೋವು, ಕೆಂಪು ಹೆಚ್ಚಿ ದೃಷ್ಟಿ ಮಂಜಾದರೆ ಒಳಗೆ ಸೋಂಕಾಗಿರಬಹುದು, ಅವತ್ತೇ ತೋರಿಸಿ.