ಲ್ಯಾಸಿ ಗಂಡೇ, ಹೆಣ್ಣೇ?

ಮಾಟುಂಗದ ಓದುಗ:
ನಮ್ಮ ಸೊಸೈಟಿಯಲ್ಲಿರುವ ಕನ್ನಡದ ಮಕ್ಕಳಿಗಾಗಿ ಹಳೆಯ ಚಿತ್ರಗಳ ಪ್ರಾಣಿಗಳನ್ನು ಕುರಿತು ಒಂದು ಭಿತ್ತಿಪತ್ರಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. ಲ್ಯಾಸಿ ಎಂಬ ಹೆಣ್ಣುನಾಯಿಯ ಪಾತ್ರದಲ್ಲಿ ನಟಿಸಿದ್ದು ಗಂಡುನಾಯಿ ಎಂದು ಮಗಳು ಹೇಳುತ್ತಾಳೆ. ಇದು ನಿಜವೇ? ಇನ್ನೊಂದು ಪ್ರಶ್ನೆ: ‘ಹಾಥಿ ಮೇರೆ ಸಾಥಿ’ಯ (1971) ರಾಮು ಆನೆಯಂತೆ ಹೆಸರು ಮಾಡಿದ ಪ್ರಾಣಿ ನಮ್ಮ ಮುಂಬಯಿ ಚಿತ್ರರಂಗದಲ್ಲಿ ಅದಕ್ಕೂ ಮೊದಲು ಇತ್ತೇ?

ಡೊಂಬಿವಲಿಯ ನಿವೃತ್ತ:
ನಿಮ್ಮ ಮಗಳ ಮಾತು ನಿಜ. 1943ರ ಮೊದಲ ಚಿತ್ರದಲ್ಲಿ ಲ್ಯಾಸಿಯಾಗಿದ್ದುದು ‘ಪಾಲ್’ ಎಂಬ ಗಂಡುನಾಯಿ. ಲ್ಯಾಸಿಯ ತಳಿಯಾದ ‘ಕಾಲಿ’ (Collie) ಹೆಣ್ಣುನಾಯಿಗಳ ರೋಮ ವಿಪರೀತ ಉದುರುವುದರಿಂದ, ವಾರಗಟ್ಟಲೆ ನಡೆಯುವ ಚಿತ್ರೀಕರಣದಲ್ಲಿ ಒಂದು ದೃಶ್ಯದ ನಾಯಿ ಇನ್ನೊಂದರಲ್ಲಿ ಬೇರೆಯದೇ ನಾಯಿಯಂತೆ ಕಾಣುವ ಭಯವಿರುತ್ತದೆ. ಗಂಡಿನ ದಟ್ಟ ರೋಮ ಈ ತೊಂದರೆಯನ್ನು ಕಡಿಮೆ ಮಾಡುತ್ತದೆ. 1954ರಿಂದ 1973ರವರೆಗೆ ನಡೆದ ಟೆಲಿವಿಷನ್ ಧಾರಾವಾಹಿಯಲ್ಲಿ ಪಾಲ್‌ನ ಸಂತತಿಯ ನಾಯಿಗಳೇ ಈ ಪಾತ್ರವನ್ನು ಮುಂದುವರಿಸಿದವು. ತಿರುಗುಮುರುಗಾದದ್ದೂ ಉಂಟು: 1939ರ ‘ದಿ ವಿಝರ್ಡ್ ಆಫ್ ಓಝ್’ನ ನಾಯಿ ಟೋಟೋ ಕಥೆಯಲ್ಲಿ ಗಂಡು, ಅದನ್ನು ನಟಿಸಿದ ‘ಟೆರಿ’ ಹೆಣ್ಣು.

ಪುಣೆಯ ಚಿತ್ರಪ್ರಿಯ:
ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಪರೇಲ್‌ನಲ್ಲಿಯೇ ಇದೆ. ಅಲ್ಲಿದ್ದ ಚಿತ್ರಸಂಸ್ಥೆ ವಾಡಿಯಾ ಮೂವಿಟೋನ್ ತಯಾರಿಸಿದ ‘ಹಂಟರ್‌ವಾಲಿ’ (1935) ಚಿತ್ರದಲ್ಲಿ ಚಾಟಿ ಬೀಸುತ್ತ ಬಂದ ನಟಿ ‘ಫಿಯರ್‌ಲೆಸ್’ ನಾದಿಯಾರವರ ಕುದುರೆ ‘ಪಂಜಾಬ್ ಕಾ ಬೇಟಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಮುಂದಿನ ಚಿತ್ರಗಳಲ್ಲಿ ಅವರ ಕಾರಿಗೂ ‘ರೋಲ್ಸ್ ರಾಯ್ಸ್ ಕೀ ಬೇಟಿ’ ಎಂಬ ಹೆಸರಿತ್ತು ಎಂದರೆ, ಈ ಹೆಸರಿಡುವ ಚಟ ಪ್ರಾಣಿಗಳಿಗಷ್ಟೇ ಸೀಮಿತವಾಗಿರಲಿಲ್ಲ ಎನ್ನಬೇಕು. ರಾಮು ಎಂಬುದಾದರೋ ಕಥೆಯ ಆನೆಯ ಹೆಸರು. ಅದನ್ನು ನಟಿಸಿದ ಆನೆಯ ಹೆಸರೆಂದು ಬರೆಯಬೇಡಿ.

ಚೆಂಬೂರಿನ ಮೈಸೂರಿಗ:
ಮಾಟುಂಗದವರು ಮುಂಬಯಿಯ ಬಗ್ಗೆಯೇ ಕೇಳಿದ್ದರೂ, ಕನ್ನಡದ ಮಕ್ಕಳಿಗೆಂದ ಮೇಲೆ ನಮ್ಮ ಐರಾವತನನ್ನು ಬಿಡುವುದು ಸರಿಯಲ್ಲ. ಕಿಪ್ಲಿಂಗ್‌ರ ಕಥೆಯನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದ ಹೊರಾಂಗಣ ಚಿತ್ರೀಕರಣ ಮೈಸೂರು ಸಂಸ್ಥಾನದಲ್ಲಿ ನಡೆಯಿತು. ಕಾಲಾ ನಾಗ್ ಎಂಬ ಆನೆಯ ಪಾತ್ರವನ್ನು ಐರಾವತ ವಹಿಸಿದರೆ, ಮಾವುತನ ಮಗನಾದ ಸಾಬು ಕಥೆಯ ಹುಡುಗ ತೂಮಾಯಿಯಾದ. ಕಾರಾಪುರದಲ್ಲಿ ಹುಟ್ಟಿದ ಆ ಹುಡುಗ ಅಲ್ಲಿಂದ ಲಂಡನ್‌ಗೂ ಹಾಲಿವುಡ್‌ಗೂ ಹೋದ. ಅವನ ಹೆಸರು ಎಲ್ಲ ಕಡೆ ಸಿಗುತ್ತದೆ. ಆನೆಯದನ್ನು ಪಾತ್ರವರ್ಗದಲ್ಲಿ ಹುಡುಕಿ ಓದಬೇಕು.

ಮಾಟುಂಗದ ಓದುಗ:
ಎಲ್ಲರಿಗೂ ವಂದನೆಗಳು. ಪ್ರತಿ ಚಿತ್ರದ ಕೆಳಗೆ ಪಾತ್ರದ ಹೆಸರು ಒಂದು ಬಣ್ಣದಲ್ಲಿ, ಪ್ರಾಣಿಯ ಹೆಸರು ಇನ್ನೊಂದು ಬಣ್ಣದಲ್ಲಿ ಇರುವಂತೆ ಬರೆಸುತ್ತೇನೆ. ಮೊದಲ ಸ್ಥಾನ ಐರಾವತನಿಗೆ. ಅವನೂ ಸಾಬುವೂ ಒಟ್ಟಿಗಿರುವ ಸ್ಪಷ್ಟವಾದ ಚಿತ್ರ ಯಾರಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.