"ಅರ್ಜಿನೇ ಬರಲ್ಲ" ಅಂತಾರೆ, ನಿಜಾನಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಮೆರಿಕದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಧ್ಯಾಪಕರ ನೇಮಕಾತಿ ಸಮಿತಿಗೆ ನನ್ನನ್ನು ಹಾಕಿದ್ದಾರೆ. ವಿಭಾಗದ 11 ಜನರಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಬಿಳಿಯರು. ತರಗತಿಯಲ್ಲಿ ನೋಡಿದರೆ ಅರ್ಧದಷ್ಟು ಕಪ್ಪು ವರ್ಣೀಯರು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು. ಕೇಳಿದರೆ "ಅಂಥವರು ಅರ್ಜಿನೇ ಹಾಕಲ್ಲ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸಮಿತಿಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲು ನಿಮ್ಮ ಜಾಹೀರಾತು ತೆಗೆದು ಓದಿ. ನಿವೃತ್ತರಾದವರ ವಿಷಯವನ್ನೇ ಸುಮ್ನೆ ನಕಲು ಮಾಡಿರುತ್ತಾರೆ. 'ವಸಾಹತು ಕಾಲದ ನ್ಯೂ ಇಂಗ್ಲೆಂಡ್ (ಅಮೆರಿಕದ ಈಶಾನ್ಯ ಭಾಗ) ತಜ್ಞರು ಬೇಕು' ಅಂತಿದ್ದರೆ, ಅದೇ ಕಾಲದ ಗುಲಾಮ ವ್ಯಾಪಾರದ ಮೇಲೆ ಕೆಲಸ ಮಾಡಿದವರು ಇದು ನಮಗಲ್ಲ ಅಂದುಕೊಂಡು ಮುಂದೆ ಹೋಗುತ್ತಾರೆ. 'ಆರಂಭ ಕಾಲದ ಅಮೆರಿಕ' ಅಂತ ಬರೆದರೆ ಇಬ್ಬರೂ ಬರುತ್ತಾರೆ, ಅಲ್ವಾ?

ಇನ್ನು ಅರ್ಜಿ ಬಂದ ಮೇಲೆ. ಎಲ್ಲರ ಕಣ್ಣು ಮೊದಲು ಹೋಗುವುದು ಪಿಎಚ್‌ಡಿ ಎಲ್ಲಿಯದು ಅಂತ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅಮೆರಿಕದಲ್ಲೇ ಪಿಎಚ್‌ಡಿ ಮಾಡಿದ ಅಧ್ಯಾಪಕರಲ್ಲಿ 80% ಜನ ಬಂದಿರುವುದು ಸುಮಾರು 20% ವಿಶ್ವವಿದ್ಯಾಲಯಗಳಿಂದ. ಆ ಬಾಗಿಲು ಅಷ್ಟು ಕಿರಿದು. ಅದಕ್ಕೇ ಅರ್ಜಿ ತೆರೆಯುವ ಮುಂಚೆಯೇ ಏನೇನು ನೋಡಬೇಕು ಅಂತ ಬರೆದಿಟ್ಟುಕೊಳ್ಳಿ. ಸಂದರ್ಶನ ಆದಮೇಲೆ ಯಾರಾದರೂ "ಒಳ್ಳೆಯವರೇ, ಆದರೆ ಯಾಕೋ ನಮಗೆ ಹೊಂದಲ್ಲ" ಅಂದರೆ ಬಿಡಬೇಡಿ. ಯಾಕೆ ಅಂತ ಒಂದು ಸಾಲು ಬರೆದುಕೊಡಿ ಅನ್ನಿ. ಎಷ್ಟೋ ಸಲ ಪೆನ್ನು ಮೇಲೇಳುವುದೇ ಇಲ್ಲ.

ಪ್ರಶ್ನೆ: ಈ ಸಲ ಕಪ್ಪು ವರ್ಣೀಯರಿಗೇ ಕೊಡೋಣ ಅಂತ ಮೊದಲೇ ತೀರ್ಮಾನಿಸಿದರೆ?

ಉತ್ತರ: ಬೇಡ. ಜನಾಂಗ ನೋಡಿ ಕೆಲಸ ಕೊಡುವುದನ್ನೂ ನಿರಾಕರಿಸುವುದನ್ನೂ 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ತಡೆದಿದೆ. ಈ ತಡೆ ಅಲ್ಲಿನ ಸುಪ್ರೀಂ ಕೋರ್ಟಿನ 2023ರ ತೀರ್ಪಿನಿಂದ ಬಂದದ್ದು ಅಂತ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆ ತೀರ್ಪು ವಿದ್ಯಾರ್ಥಿಗಳ ಪ್ರವೇಶದ ಬಗ್ಗೆ. ಹೆಚ್ಚು ಜನ ಅರ್ಜಿ ಹಾಕುವ ಹಾಗೆ ನೀವು ಮಾಡಬಹುದು, ಆಯ್ಕೆ ಮಾತ್ರ ಕೆಲಸ ನೋಡಿಯೇ ಆಗಬೇಕು. ರಾಜ್ಯದ ನಿಯಮ ಬೇರೆ ಇರಬಹುದು, ಕಾಲೇಜಿನ ವಕೀಲರನ್ನು ಒಮ್ಮೆ ಕೇಳಿ.

ನನಗೆ ಜಾಸ್ತಿ ಚಿಂತೆ ಆಮೇಲಿನದು. ಬಂದವರನ್ನು ಎಲ್ಲ ಸಮಿತಿಗೂ ಹಾಕುತ್ತಾರೆ, ಫೋಟೋಗೂ ಕರೆಯುತ್ತಾರೆ. ಮನೆ ಬಿಟ್ಟು ಬಂದ ಮಕ್ಕಳು ಕಷ್ಟ ಹೇಳಿಕೊಳ್ಳಲು ಅವರ ಕೋಣೆ ಮುಂದೆಯೇ ಸಾಲು ನಿಲ್ಲುತ್ತಾರೆ. ಮನಶ್ಶಾಸ್ತ್ರಜ್ಞ ಅಮಾಡೊ ಪಡಿಯಾ 1994ರಲ್ಲೇ ಇದನ್ನು 'ಸಾಂಸ್ಕೃತಿಕ ತೆರಿಗೆ' ಅಂದರು. ಕಾಯಂ ಮಾಡುವಾಗ ಮಾತ್ರ ಲೇಖನ ಎಷ್ಟು ಅಂತ ಕೇಳುತ್ತಾರೆ. ಹಾಗಾಗಿ ಮೊದಲ ಎರಡು ವರ್ಷ ಒಂದೇ ಸಮಿತಿ ಅಂತ ಮುಖ್ಯಸ್ಥರಿಂದ ಈಗಲೇ ಬರೆಸಿಕೊಳ್ಳಿ.

ಅಂದ ಹಾಗೆ, ನಿಮ್ಮನ್ನೇ ಈ ಸಮಿತಿಗೆ ಯಾಕೆ ಹಾಕಿದರು?

ಪ್ರಶ್ನೆ ಕೇಳಿದವರು: ಮೇಡಂ, ಈ ವರ್ಷ ಇದು ನನ್ನ ನಾಲ್ಕನೇ ಸಮಿತಿ.